ಪಕ್ಕದ ಸೀಟಿನ ಮಾಕ್ ಟೆಸ್ಟ್

ನಾಶಿಕದಿಂದ ಸಂಭಾಜಿನಗರಕ್ಕೆ ಹೊರಟ ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗಿ ಫೋನಿನಲ್ಲಿ ಬೀದರ್ ಕನ್ನಡದಲ್ಲಿ ಅಳುತ್ತಿದ್ದಳು. "ಮಮ್ಮಿ, ನಾಳೆ ಎಂಟ್ರನ್ಸ್ ಅದ, ನನಗ ಫಿಜಿಕ್ಸ್ ಬರಲ್ಲ. ಒಂದೇ ಲೆಕ್ಕ ಮೂರು ಸಲ ಮಾಡ್ದೆ, ಮೂರು ಸಲನೂ ತಪ್ಪು!"

ನಮ್ಮ ಕಡೆಯ ಮಾತು ಕಿವಿಗೆ ಬಿದ್ದ ಮೇಲೆ ಸುಮ್ಮನಿರಲಾಗಲಿಲ್ಲ. "ಪ್ರಾಕ್ಟೀಸ್ ಮಾಡವ್ವಾ, ಬರ್ತದ. ನಾನು ಫಿಜಿಕ್ಸ್ ಮಾಸ್ತರನೇ, ತೋರ್ಸು," ಎಂದೆ.

ಅವಳು ಮಾಕ್ ಟೆಸ್ಟಿನ ಹಾಳೆ ಚಾಚಿದಳು. ಮೇಲೆ ನಮ್ಮ ಕೋಚಿಂಗ್ ಸಂಸ್ಥೆಯ ಹೆಸರಿತ್ತು. ಆ ಪ್ರಶ್ನೆಪತ್ರಿಕೆ ತೆಗೆದವನೇ ನಾನು!

ಬ್ರೇಕ್ ಹಾಕಿದ ಕಾರು ಎಷ್ಟು ದೂರ ಹೋಗಿ ನಿಲ್ಲುತ್ತದೆ ಎಂಬ ಪ್ರಶ್ನೆ. ಅವಳಿಗೆ ನಲವತ್ತು ಮೀಟರ್ ಬಂದಿತ್ತು, ಆನ್ಸರ್ ಕೀಯಲ್ಲಿ ಹತ್ತು ಅಂತಿತ್ತು. ಹಳೇ ಪ್ರಶ್ನೆಯ ಅಂಕಿ ಬದಲಿಸಿ ಹೊಸದೆಂದು ಕೊಡುವುದು ನಮ್ಮ ಕೋಚಿಂಗ್ ಕಸುಬಿನ ಗುಟ್ಟು. ಕಾರಿನ ವೇಗವನ್ನು ಎರಡು ಪಟ್ಟು ಮಾಡಿದ್ದೆ; ಆಗ ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತದೆ, ಆದರೆ ಉತ್ತರ ಬದಲಿಸುವುದನ್ನು ಮರೆತಿದ್ದೆ.

"ನಿಂದೇ ಸರಿ ಅದವ್ವಾ. ತಪ್ಪು ನಂದು. ಈ ಪೇಪರ್ ನಾನೇ ತೆಗ್ದಿದ್ದು."

ಅವಳ ಫೋನ್ ಇನ್ನೂ ಕಿವಿಯಲ್ಲೇ ಇತ್ತು. "ಮಮ್ಮಿ! ನನ್ನ ಆನ್ಸರೇ ಬರೋಬರ್ ಅದ! ಪೇಪರ್ ತೆಗ್ದ ಸರೇ ಬಾಜೂಕ ಕುಂತಾರ!" ಅವಳು ಕೂಗಿದ ರಭಸಕ್ಕೆ ಇಡೀ ಬಸ್ಸು ನನ್ನ ಕಡೆ ತಿರುಗಿತು. ನಾಚಿಕೆಯಾದರೂ ಅವಳ ಹುರುಪು ನನಗೂ ಹತ್ತಿತು.

ಕಣ್ಣೊರೆಸಿಕೊಂಡು ಪೆನ್ ತೆಗೆದಳು. "ಹಂಗಾದ್ರ ಉಳಿದ ನಲವತ್ತೊಂಬತ್ತು ಪ್ರಶ್ನೆನೂ ಒಮ್ಮೆ ನೋಡಮ್ರಿ ಸರ್."

ದಾರಿಯಲ್ಲಿನ ಯೇವಲಾ ಊರು ದಾಟುವಷ್ಟರಲ್ಲಿ ನನ್ನ ಕೀಯಲ್ಲಿ ಇನ್ನೆರಡು ತಪ್ಪು ಸಿಕ್ಕವು. ಎರಡನ್ನೂ ಹಿಡಿದವಳು ಅವಳೇ.

ಇಳಿಯುವಾಗ ನಮಸ್ಕಾರ ಮಾಡಿ, ನಗು ತಡೆಯಲಾರದೆ ಹೇಳಿದಳು: "ಪ್ರಾಕ್ಟೀಸ್ ಮಾಡ್ರಿ ಸರ್, ಬರ್ತದ."