ಹಿಮದ ಟೈರಿಗೆ ಮುಯ್ಯಾಳು

ಮನೆಯಲ್ಲೇ ಕೂತು ಬ್ಲಾಗು ಬರೆದು ದುಡ್ಡು ಮಾಡಿ ಎಂದು ಉಪದೇಶಿಸುವ ಮಹಾನುಭಾವರನ್ನು ಕಂಡರೆ ನನಗೆ ಸೊಂಟ ನೋಯುತ್ತದೆ. ಬ್ಲಾಗು ಎಂಬ ಹೆಸರು ನಮ್ಮ ಕಡೆ ಕೇಳಿಬರುವ ಮೊದಲೇ, ತೊಂಬತ್ತರ ದಶಕ ಮುಗಿಯುತ್ತಿದ್ದಾಗ, ನಾನು ಆ ವಿದ್ಯೆಗೆ ಕೈಹಾಕಿದವನು.

ಅರ್ಥಶಾಸ್ತ್ರದಲ್ಲಿ ಬಿ.ಎ. ಮುಗಿಸಿ, ದೇಶದ ಆರ್ಥಿಕತೆ ನನಗಾಗಿಯೇ ಕಾದಿದೆ ಎಂದು ನಂಬಿ ಕಿರಂಗೂರಿನ ಮನೆ ಜಗಲಿಯ ಮೇಲೆ ಕೂತಿದ್ದೆ. ಗದ್ದೆ ಕೆಲಸವೆಂದರೆ ಮೈಯೆಲ್ಲ ಉರಿ. ಶ್ರೀರಂಗಪಟ್ಟಣದಲ್ಲಿ ಸೈಬರ್ ಸೆಂಟರ್ ತೆರೆದಿದ್ದ ಗೆಳೆಯ ಅನ್ಸರ್ ದಾರಿ ತೋರಿಸಿದ. ಅಂತರಜಾಲದಲ್ಲಿ ಒಂದು ಪುಟ ಮಾಡಬೇಕು, ಪಕ್ಕದಲ್ಲಿ ಕಂಪನಿಯವರ ಜಾಹೀರಾತು ಹಾಕಿಕೊಳ್ಳಬೇಕು, ಓದಲು ಬಂದವರು ಅದನ್ನು ಒತ್ತಿದರೆ ನಮಗೆ ಡಾಲರು. ಅಪ್ಪನಿಗೆ ಹೇಳಿದೆ.

"ಕಬ್ಬು ಕಡಿಯೋಗಂಟ ಟೈಮ್ ಕೊಡ್ತೀನಿ ಕಣ್ಲಾ. ಅಷ್ಟ್ರಲ್ಲಿ ಒಂದ್ ರೂಪಾಯಿ ಬಂದ್ರೂ ನಿನ್ ದಾರಿ ನಿಂದು. ಬರ್ನಿಲ್ವಾ, ಸುಮ್ನೆ ಗದ್ದೆಗಿಳಿ," ಎಂದರು ಅಪ್ಪ.

ಕನ್ನಡ ಅಕ್ಷರ ಆ ಕಂಪ್ಯೂಟರಿಗೆ ಬರುತ್ತಿರಲಿಲ್ಲ, ಇಂಗ್ಲಿಷು ನನಗೆ ಬರುತ್ತಿರಲಿಲ್ಲ. ಇಬ್ಬರೂ ಹೊಂದಿಕೊಂಡು, ಹರಕು ಇಂಗ್ಲಿಷಿನಲ್ಲಿ, ಯಾವ ಕಬ್ಬಿನಿಂದ ನಾನು ಓಡುತ್ತಿದ್ದೆನೋ ಅದೇ ಕಬ್ಬಿನ ಬೇಸಾಯದ ಬಗ್ಗೆ ಜಗತ್ತಿಗೆ ಬುದ್ಧಿ ಹೇಳಿದೆವು. ಪಕ್ಕದಲ್ಲಿ ಅಮೆರಿಕದ ಜಾಹೀರಾತೊಂದು ಬಂದು ಕೂತಿತು: ಹಿಮದಲ್ಲಿ ಜಾರದ ಕಾರಿನ ಟೈರು. ಜಗತ್ತು ಮಾತ್ರ ಬರಲಿಲ್ಲ. ನೋಡುತ್ತಿದ್ದವರು ನಾನು ಮತ್ತು ಅನ್ಸರ್; ಅವನು ಅದಕ್ಕೂ ಗಂಟೆಯ ಲೆಕ್ಕದಲ್ಲಿ ನನ್ನಿಂದಲೇ ವಸೂಲು ಮಾಡುತ್ತಿದ್ದ. ಅತ್ತ ಕಬ್ಬು ಬಲಿಯುತ್ತಿತ್ತು. ನನಗೆ ನಿಜಕ್ಕೂ ಭಯವಾಗತೊಡಗಿತು.

ನನ್ನ ಸಪ್ಪೆ ಮುಖ ನೋಡಿ ಚಿಕ್ಕಪ್ಪ ನಿಂಗೇಗೌಡರು ವಿಷಯ ಕೇಳಿದರು. "ಒತ್ತಬೇಕು, ಅಷ್ಟೇ ತಾನೆ? ನಾಟಿಗೆ ಮುಯ್ಯಾಳು ಬರಾಕಿಲ್ವಾ, ಅಂಗೇ ಬತ್ತೀವಿ ಬುಡ್ಲಾ!"

ಮುಯ್ಯಾಳು ಅಂದರೆ ಗೊತ್ತಲ್ಲ, ಇವತ್ತು ನನ್ನ ಗದ್ದೆಗೆ ನೀವು, ನಾಳೆ ನಿಮ್ಮ ಗದ್ದೆಗೆ ನಾನು, ಕೂಲಿಯ ಮಾತಿಲ್ಲ. ನಾನು ಓದಿದ ಅರ್ಥಶಾಸ್ತ್ರದಲ್ಲಿ ಬೇಡಿಕೆ, ಪೂರೈಕೆ ಇದ್ದವೇ ಹೊರತು ಇದಿರಲಿಲ್ಲ. ಹಾಗಾಗಿ ಆ 'ನಾಳೆ'ಯ ಭಾಗ ನನ್ನ ತಲೆಗೆ ಹೋಗಲಿಲ್ಲ. ಮರುದಿನ ಟ್ರಾಕ್ಟರಿನಲ್ಲಿ ನಮ್ಮ ಬೀದಿಗೆ ಬೀದಿಯೇ ಅನ್ಸರನ ಸೆಂಟರಿನ ಮುಂದೆ ಬಂದಿಳಿಯಿತು. ಹಿಮವನ್ನು ಕ್ಯಾಲೆಂಡರಿನಲ್ಲಿ ಮಾತ್ರ ಕಂಡಿದ್ದ ಜನ ಚಪ್ಪಲಿ ಹೊರಗೆ ಬಿಟ್ಟು, ಸಾಲಾಗಿ ನಿಂತು, ಹಿಮದ ಟೈರನ್ನು ಒತ್ತಿದರು. ನಮ್ಮ ಅತ್ತೆಗಂತೂ ಸಮಾಧಾನವೇ ಇಲ್ಲ. "ಇಷ್ಟ್ ದೂರ ಬಂದು ಒಂದೇ ಸಲ ಒತ್ತಿ ಓಗಾಕಾಯ್ತದಾ? ಇನ್ನೆರಡು ಒತ್ತೀನಿ ತಡಿ ಮಗ," ಎಂದು ಗುದ್ದಿಯೇ ಒತ್ತಿದರು.

ಎರಡು ದಿನಕ್ಕೆ ಕಂಪನಿಯ ಇ-ಮೇಲ್ ಬಂತು. ಅನ್ಸರ್ ಓದಿ ಹೇಳಿದ: "ಒಂದೇ ಕಂಪ್ಯೂಟರಲ್ಲಿ ಇಷ್ಟೊಂದು ಒತ್ತಿರೋದು ಮೋಸ ಅಂತಾವ್ರೆ ಕಣೋ ಭಾಯ್. ಖಾತೆ ಕ್ಲೋಸು. ದುಡ್ಡಿಲ್ಲ."

ನಮ್ಮೂರಿನ ಮರ್ಯಾದೆಗೆ ಅಮೆರಿಕದಲ್ಲಿ ಆ ಹೆಸರು! ನನಗಾದ ಸಂಕಟ ಅಷ್ಟಿಷ್ಟಲ್ಲ. ಚಿಕ್ಕಪ್ಪನಿಗೆ ಹೇಳುವುದು ಹೇಗೆಂದು ಒದ್ದಾಡಿದೆ.

ಹೇಳಬೇಕಾಗಿಯೇ ಬರಲಿಲ್ಲ. ಬೆಳಿಗ್ಗೆ ಅವರೇ ಎರಡು ಮಚ್ಚು ಹಿಡಿದು ಬಾಗಿಲಲ್ಲಿದ್ದರು. ದುಡ್ಡು ಬಂತೇ ಎಂದು ಕೇಳಲೂ ಇಲ್ಲ. "ಇವತ್ತು ನಮ್ ಕಬ್ಬು ಕಡಿತ. ನಾಳೆ ನಿಮ್ಮತ್ತೆದು, ನಾಡಿದ್ದು ಪಕ್ಕದ್ಮನೆದು. ನಡೀಲಾ."

ಕಾಪಾಡಿಯಾರೆಂದು ಅಪ್ಪನ ಕಡೆ ನೋಡಿದೆ. "ಓಗ್ಬಾ ಮಗ," ಎಂದರು, ಎಂದೂ ಇಲ್ಲದ ಅಕ್ಕರೆಯಿಂದ. "ನಮ್ದುನ್ನ ನಾನೇ ನೋಡ್ಕತೀನಿ."

ಅಪ್ಪ ನನ್ನನ್ನು ಇಳಿಸಲು ಹೊರಟಿದ್ದು ತಮ್ಮ ಒಂದು ಗದ್ದೆಗೆ. ಬರೆದು ದುಡ್ಡು ಮಾಡಲು ಹೊರಟ ನಾನು ಬೀದಿಯವರೆಲ್ಲರ ಗದ್ದೆಗೂ ಇಳಿದೆ, ಮಧ್ಯಾಹ್ನಕ್ಕೆ ಎಲ್ಲರ ಮನೆಯ ಮುದ್ದೆಯನ್ನೂ ಉಂಡೆ. ಅಂತರಜಾಲದಿಂದ ನನಗೆ ಬಂದ ಆದಾಯ ಆ ಮುದ್ದೆಯೊಂದೇ. ಹೊಟ್ಟೆ ಮಾತ್ರ ತುಂಬಿತು.