ಗುಳ್ಳವ್ವ ಗಂಡನ ಮನೆಗೆ ಹೋಗಲಿಲ್ಲ

ನನ್ನ ಮೊಮ್ಮಗಳು ಪಲ್ಲವಿಯ ಗುಳ್ಳವ್ವ ಗಂಡನ ಮನೆಗೆ ಹೋಗಿರಲಿಲ್ಲ. ಆ ಮಣ್ಣಿನ ಗೊಂಬೆಯನ್ನು ಒಡೆದು ದನದ ಬಾನಿಯ ನೀರಿಗೆ ಹಾಕಿದವಳು ನಾನು. ನಾಲ್ಕು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ — ನಿನ್ನೆ ಹೇಳಿಬಿಟ್ಟೆ. ಹೇಳಿದ ಮೇಲೆ ಆದ ಸಂತೋಷ ತಡೆಯಲಾಗದೆ, ನಾನು ಕಲಿತ ಮೂರನೇ ಇಯತ್ತೆಯ ಅಕ್ಷರದಲ್ಲೇ ಬರೆಯಲು ಕೂತಿದ್ದೇನೆ.

ನಮ್ಮ ಹೊನವಾಡದ ಕಡೆ ಆಷಾಢದ ಮಂಗಳವಾರ ಹುಡುಗಿಯರು ಮಣ್ಣಿನ ಗುಳ್ಳವ್ವನನ್ನು ಮಾಡಿ, ಆರತಿ ಎತ್ತಿ, ಮರುದಿನ ನೀರಿಗೆ ಬಿಡುತ್ತಾರೆ. ಆಗ ಪಲ್ಲವಿಗೆ ಆರು ವರ್ಷ. ಅವಳ ಗುಳ್ಳವ್ವನಿಗೆ ಕುಸುಬಿ ಕಾಳಿನ ಮೂಗುತಿ, ಜೋಳದ ಸರ, ಬೆರಳಿಗೆ ಉಗುರು ಕೂಡ — ನೋಡಿದವರು ದಂಗಾದರು. ಬಿಡುವ ಹೊತ್ತಿಗೆ ಹುಡುಗಿ ಅದನ್ನು ಎದೆಗವಚಿಕೊಂಡು ಅತ್ತಳು. ಮಧ್ಯಾಹ್ನದವರೆಗೂ ಅತ್ತಳು. ಓಣಿಯ ಹೆಂಗಸರು ಬಾಗಿಲಿಗೆ ಬಂದರು.

"ಯಕ್ಕಾ, ಮೊಮ್ಮಗಳ ಕಣ್ಣಾಗ ಬೋರ್ ಹೊಡಿಸಿಯೇನು? ನಮ್ಮ ದ್ರಾಕ್ಷಿಗೂ ಒಂದೀಟು ನೀರು ಬಿಡು" ಎಂದಳು ಒಬ್ಬಳು.

ಎಲ್ಲರೂ ನಕ್ಕರು. ನನಗೆ ನಾಚಿಕೆ, ಸಿಟ್ಟು. "ಮಣ್ಣಿಗಿ ಅಳತಾರೇನ ಬೇ? ಮಂದಿ ಮುಂದ ನನ್ನ ಮಾನ ಕಳೀಬ್ಯಾಡ" ಎಂದು ಗದರಿದೆ. ಅತ್ತು ಸುಸ್ತಾಗಿ ಮಲಗಿದವಳ ತೋಳಿನಿಂದ ಮೆಲ್ಲಗೆ ಬಿಡಿಸಿಕೊಂಡು — ಉಳಿದದ್ದು ಮೊದಲೇ ಹೇಳಿದ್ದೇನೆ. ಎದ್ದು ಹುಡುಕಿದಾಗ, "ಗಂಡನ ಮನಿಗಿ ಹೋದಳು. ಪಂಚಮಿಗಿ ತವರಿಗಿ ಬರ್ತಾಳ" ಎಂದೆ.

ಮಗು ನಂಬಿತು. ಪಂಚಮಿಯ ದಿನ ಉಳಿದ ಮಕ್ಕಳು ಜೋಕಾಲಿ ಆಡುತ್ತಿದ್ದರೆ, ಇವಳು ಎಳ್ಳುಂಡಿ ಹಿಡಿದು ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಕೂತಿದ್ದಳು. ಮೂರು ಬಸ್ಸು ಬಂದವು. ಊರ ಹೆಣ್ಣುಮಕ್ಕಳೆಲ್ಲ ಇಳಿದರು. ಗುಳ್ಳವ್ವ...

ಆಮೇಲೆ ಪಲ್ಲವಿ ನನ್ನ ಮುಂದೆ ಅಳಲೇ ಇಲ್ಲ. ಹುಡುಗಿ ಶಾಣ್ಯಾ ಆದಳು ಎಂದು ಹಿಗ್ಗಿದೆ. ಅಳು ನಿಂತಿರಲಿಲ್ಲ — ಜೋಳದ ಚೀಲಗಳ ಹಿಂದೆ ಹೋಗಿ ಅಳುತ್ತಿದ್ದಳು ಎಂಬುದು ನನಗೆ ತಡವಾಗಿ ಗೊತ್ತಾಯಿತು.

ಮೊನ್ನೆ ಅವಳ ಸಾಲಿಯಲ್ಲಿ ಕಲಿಸುವ ಅಕ್ಕೋರು ನನ್ನನ್ನು ಕರೆಸಿದ್ದರು. "ಪಲ್ಲವಿ ದೊಡ್ಡವರ ಲೆಕ್ಕಾನೂ ಬಾಯಾಗ ಮಾಡತಾಳ್ರಿ ಆಯಿ. ತಲಿ ಎಷ್ಟು ಚುರುಕೈತಿ, ಮನಸಿಗೂ ಅಷ್ಟ ಜೋರ ಹತ್ತತೈತಿ. ಅತ್ತರ ಗದರಸಬ್ಯಾಡ್ರಿ. ಬಾಜೂಕ ಕುಂದರ್ರಿ, ಸಾಕು."

ಸಾಕಂತೆ. ಅಷ್ಟು ಹಗುರಾದ ಕೆಲಸವನ್ನು ನಾನು —

ನಿನ್ನೆ ಮಂಗಳವಾರ ಆ ಚೀಲಗಳ ಹಿಂದೆ ಅವಳನ್ನು ಕೂರಿಸಿಕೊಂಡು ಹೇಳಿದೆ. ಅತ್ತಳು — ನನ್ನೆದುರಿಗೆ, ಬಾಯಿ ತೆರೆದು. ನಾನು ಗದರಲಿಲ್ಲ, ಬಾಜುವಿಗೆ ಕೂತೆ. ಸೆರಗೆಲ್ಲ ತೋಯ್ದಿತು. ಕೊನೆಗೆ ಮೂಗು ಒರೆಸಿಕೊಂಡು ಕೇಳಿದಳು:

"ಆಯಿ, ಒಡದಾಗ ಒಳಗ ಹಸಿ ಇತ್ತೋ, ಒಣಗಿತ್ತೋ?"

"ಹಸಿ ಇತ್ತವಾ."

"ಹಂಗಾರ ಮಣ್ಣಾಗ ಹತ್ತಿ ಕಲಸಬೇಕಿತ್ತು, ಗಟ್ಟಿ ಹಿಡೀತಿತ್ತು. ನಡೀ, ಈ ಸಲ ನೀನೂ ಒಂದು ಮಾಡು."

ಮಾಡಿದೆ. ನನ್ನ ಗುಳ್ಳವ್ವ ಕುಂಬಳಕಾಯಿಯಾದಳು. ಪಲ್ಲವಿ ಹೊಟ್ಟೆ ಹಿಡಿದು ನಕ್ಕಳು. ಅವಳ ಅಳುವಿನಷ್ಟೇ ದೊಡ್ಡ ನಗು, ಓಣಿಗೆಲ್ಲ ಕೇಳುವಂಥದ್ದು.

ಇಂದು ನೀರಿಗೆ ಬಿಡುವ ದಿನ. ಅವಳು ಅಳುತ್ತಾಳೆ, ಗೊತ್ತು. ಮಂದಿಯೂ ಬರಲಿ. ಅಂದು ಒಡೆದದ್ದನ್ನು ಕೂಡಿಸಲಾರೆ. ಇವತ್ತೂ ಸೆರಗು ತೋಯಲಿ ಎಂದು ಒಣಗಿದ ಸೀರೆ ಉಟ್ಟುಕೊಂಡು ಅವಳ ಬಾಜುವಿಗೆ ಕೂತಿದ್ದೇನೆ.