ಬಿಳಿ ಲಿಲ್ಲಿಗೆ ಬರೆದ ಚೀಟಿ

ಎಂ.ಎಸ್ಸಿ. ಮುಗಿಸಿ ಬಾದಾಮಿಯ ಮನೆಯಲ್ಲಿ ಸುಮ್ಮನೆ ಕೂತಿದ್ದ ವರ್ಷ ನನಗೆ ಸಿಕ್ಕ ಮೊದಲ ಕೆಲಸವೆಂದರೆ ಹೂಗಳ ಫಲವತ್ತತೆ ಪರೀಕ್ಷಿಸುವುದು. ಕುಳಗೇರಿ ಕ್ರಾಸ್‌ನಿಂದ ಸ್ವಲ್ಪ ಒಳಗೆ, ಸಸ್ಯಶಾಸ್ತ್ರದ ನಿವೃತ್ತ ಅಧ್ಯಾಪಕರೊಬ್ಬರು ಅಲಂಕಾರದ ಗಿಡಗಳ ನರ್ಸರಿ ಇಟ್ಟಿದ್ದರು. ನಮ್ಮ ಬಿಸಿಲಿಗೆ ಬಗ್ಗದ, ಬಿಳಿ ಮೈಗೆ ಕೆಂಪು ಅಂಚಿರುವ ಒಂದು ಲಿಲ್ಲಿಯನ್ನು ಹುಟ್ಟಿಸಬೇಕೆಂಬುದು ಅವರ ಹಂಬಲ. "ಇಳಕಲ್ ಸೀರಿ ದಡಿ ಇದ್ದಂಗ ಇರಬೇಕು ನೋಡವಾ ಆ ಅಂಚು" ಎಂದು ಮೊದಲ ದಿನವೇ ಹೇಳಿದ್ದರು.

ಕೆಂಪು ಲಿಲ್ಲಿ ನಮ್ಮ ಕಡೆ ಹಿತ್ತಲುಗಳಲ್ಲಿ ಏಪ್ರಿಲ್‌ನ ಬಿಸಿಲಲ್ಲೂ ಅರಳುವ ಗಟ್ಟಿ ಜಾತಿ. ಬಿಳಿಯದು ಹೊರಗಿನಿಂದ ತರಿಸಿದ್ದು, ನಾಜೂಕು. ಕೆಂಪಿನ ಪರಾಗವನ್ನು ಬಿಳಿಯ ಮೇಲೆ ಹಚ್ಚಿ ಬೀಜ ಕಟ್ಟಿಸಬೇಕಿತ್ತು.

ಈ ಕೆಲಸಕ್ಕೆ ನನ್ನ ಜೊತೆಗಿದ್ದವಳು ನಲವತ್ತರ ಆಸುಪಾಸಿನ ಒಬ್ಬ ಹೆಂಗಸು. ಕುರಿ ಸಾಕುವ ಮನೆತನ, ಬೀರಪ್ಪನ ಒಕ್ಕಲು. ಹತ್ತಿರದ ಹಳ್ಳಿಯಿಂದ ಹೊತ್ತು ಮೂಡುವ ಮೊದಲೇ ನಡೆದು ಬರುತ್ತಿದ್ದಳು. ಬಿಳಿ ಮೊಗ್ಗಿನ ಎಸಳು ಸರಿಸಿ, ಒಳಗೆ ಪರಾಗ ಹೊತ್ತ ಆರೂ ಕೇಸರಗಳನ್ನು ಅವು ಬಿರಿಯುವ ಮುಂಚೆ ಚಿಮುಟದಿಂದ ಕಿತ್ತು, ನಡುವಿನ ಹೆಣ್ಣು ಎಳೆಯಾದ ಶಲಾಕೆಯ ತುದಿ ಮೂರು ಕವಲಾಗಿ ತೆರೆದಾಗ ಕುಂಚದಿಂದ ಪರಾಗ ಹಚ್ಚಿ, ಕಾಗದದ ಚೀಲ ತೊಡಿಸುತ್ತಿದ್ದಳು.

ನಾನು ಬರುತ್ತಿದ್ದದ್ದು ಬಸ್ಸಿನಲ್ಲಿ. ಮುಟ್ಟುವಷ್ಟರಲ್ಲಿ ಹನ್ನೊಂದಾಗುತ್ತಿತ್ತು. ಆಮೇಲೆ ಕೆಂಪು ಹೂಗಳ ಪರಾಗ ಕೂಡಿಸಿ, ಪೊಟ್ಟಣ ಕಟ್ಟಿ, ತಗಡಿನ ಶೆಡ್ಡಿನಲ್ಲಿ ಇಡುತ್ತಿದ್ದೆ. ಮರುದಿನ ಬೆಳಿಗ್ಗೆ ಆಕೆ ಅದನ್ನೇ ಹಚ್ಚುತ್ತಿದ್ದಳು. ಒಂದು ಚಿಟಿಕೆ ಮಾತ್ರ ಉಳಿಸಿಕೊಂಡು, ಗಾಜಿನ ಪಟ್ಟಿಯ ಮೇಲೆ ಕೆಂಪು ಬಣ್ಣದ ಹನಿಯಲ್ಲಿ ನೆನೆಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದೆ. ಒಳಗೆ ಸತ್ವವಿದ್ದ ಕಣ ಬಣ್ಣ ಕುಡಿದು ಗುಂಡಗೆ ಕೆಂಪಾಗುತ್ತದೆ. ಜೊಳ್ಳು ಕಣ ಮಸುಕಾಗಿ ಮುದುಡಿರುತ್ತದೆ. ನಮ್ಮವು ಹೆಚ್ಚುಕಮ್ಮಿ ಎಲ್ಲವೂ ಕೆಂಪು. ನೋಡಿದರೆ ಖುಷಿಯಾಗುವಷ್ಟು ಕೆಂಪು.

ಆದರೂ ಕಾಯಿ ಕಟ್ಟಲಿಲ್ಲ. ವಾರವಾಗುವಷ್ಟರಲ್ಲಿ ಹೂವಿನ ಬುಡ ಹಳದಿಯಾಗಿ ಕಳಚಿ ಬೀಳುತ್ತಿತ್ತು. ಮೂರನೆಯ ಸಲವೂ ಹಾಗೇ ಆದಾಗ ನಾನು ದಪ್ಪ ಚೀಟಿಯ ಮೇಲೆ 'ವಂಧ್ಯ' ಎಂದು ಬರೆದು ಬಿಳಿ ಸಾಲಿನ ಮೊದಲ ಗಿಡಕ್ಕೆ ಕಟ್ಟಿದೆ.

"ಏನ್ ಬರದೀರಿ ಅದರಾಗ?" ಎಂದು ಆಕೆ ಕೇಳಿದಳು.

"ಇದು ಬಂಜಿ ಅಂತ. ಬೀಜ ಹಿಡಿಯೂದಿಲ್ಲ."

ಆಕೆ ಚಿಮುಟವನ್ನು ಸೆರಗಿಗೆ ಒರೆಸಿಕೊಂಡಳು. "ಗಂಡು ನೋಡಿದ್ರೇನ್ರಿ?"

"ದಿನಾ ನೋಡ್ತೇನಲ್ಲ. ಗುಂಡಗ, ಕೆಂಪಗ, ಭಾಳ ಛಲೋ ಅದಾವ."

"ಟಗರೂ ಹಂಗ ಕಾಣ್ತೈತ್ರಿ. ಕೋಡು, ಮೈ ಎಲ್ಲಾ ಜೋರ. ಖರೆ, ಹಿಂಡಿನಾಗ ಒಂದೂ ಕುರಿ ಗಬ್ಬ ಆಗಲಿಲ್ಲಂದ್ರ ನಾವು ಮದ್ಲ ಟಗರ ಬದಲಿ ಮಾಡ್ತೇವಿ. ಕುರಿ ಎಲ್ಲಾ ಒಮ್ಮಿಗೇ ಬಂಜಿ ಆಗ್ತಾವೇನ್ರಿ?"

ನನಗೆ ಸಿಟ್ಟು ಬಂತು. ಈ ಗಿಡಗಳೆಲ್ಲ ಒಂದೇ ಗಡ್ಡೆಯಿಂದ ಒಡೆದು ಬಂದವು, ಒಂದು ಬಂಜೆಯಾದರೆ ಎಲ್ಲವೂ ಬಂಜೆ ಎಂದು ವಿವರಿಸಿದೆ. ಆಕೆ ಪೂರ್ತಿ ಕೇಳಿದಳು. ಆಮೇಲೆ ಚೀಟಿಯನ್ನೇ ನೋಡುತ್ತ ಹೇಳಿದಳು: "ನನ್ನ ಮದ್ಲ ಹುನಗುಂದ ಕಡೆ ಕೊಟ್ಟಿದ್ರು. ನಾಕ ವರ್ಷಕ್ಕ ಹಿಂಗ ಹೆಸರಿಟ್ಟು ತವರಿಗೆ ಕಳಿಸಿದ್ರು. ಈಗ ನೋಡ್ರಿ, ಎರಡು ಹೆಣ್ಣು, ಒಂದು ಗಂಡು."

ಹಾಗೆಂದು ಆಕೆ ಮುಂದಿನ ಮೊಗ್ಗಿಗೆ ಹೋದಳು.

ಆ ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ ಸಿಟ್ಟು ಇಳಿದು ಕಾಲೇಜಿನ ಪಾಠ ನೆನಪಾಯಿತು. ಬಣ್ಣ ತೋರಿಸುವುದು ಕಣದೊಳಗೆ ಸರಕು ಇದೆಯೇ ಎಂಬುದನ್ನಷ್ಟೆ. ಜೀವ ಇದೆಯೇ ಎಂಬುದನ್ನಲ್ಲ. ಸತ್ತ ಕಣವೂ ಕೆಲಕಾಲ ಕೆಂಪಾಗಿಯೇ ಕಾಣುತ್ತದೆ. ಪರೀಕ್ಷೆಯಲ್ಲಿ ಇದನ್ನೇ ಬರೆದು ಅಂಕ ತೆಗೆದುಕೊಂಡವಳು ನಾನು.

ಮರುದಿನ ಸಕ್ಕರೆ ನೀರಿಗೆ ಚೂರು ಬೋರಿಕ್ ಆಮ್ಲ ಬೆರೆಸಿ, ಪೊಟ್ಟಣದ ಪರಾಗ ಉದುರಿಸಿ ಕಾದೆ. ಜೀವವಿದ್ದ ಕಣ ಕೆಲ ಗಂಟೆಗಳಲ್ಲಿ, ನೆನೆಸಿದ ಹೆಸರುಕಾಳು ಮೊಳಕೆ ಚಾಚುವಂತೆ, ಸಣ್ಣ ನಾಳ ಚಾಚಬೇಕು. ಊಟದ ಹೊತ್ತಿಗೆ ನೋಡಿದೆ, ಸಂಜೆ ಬಸ್ಸಿಗೆ ಹೊರಡುವ ಮುನ್ನ ಮತ್ತೆ ನೋಡಿದೆ. ಒಂದೂ ಚಾಚಿರಲಿಲ್ಲ. ಮಧ್ಯಾಹ್ನದ ಹೂವಿನಿಂದ ಆಗತಾನೆ ಕಿತ್ತ ಪರಾಗದಲ್ಲೂ ಅಲ್ಲೊಂದು ಇಲ್ಲೊಂದು ಮಾತ್ರ ಚಾಚಿತ್ತು.

ನಿವೃತ್ತ ಅಧ್ಯಾಪಕರ ಮುಂದೆ ನಿಂತು ಹೇಳಿದೆ: "ಸರ, ತಪ್ಪು ಬಿಳಿ ಲಿಲ್ಲಿದಲ್ಲ, ನಂದು. ಹನ್ನೊಂದಕ್ಕ ಬಂದು ಪರಾಗ ಕೂಡಸ್ತಿದ್ದೆ, ಮ್ಯಾಲ ಬಿಸಿ ಶೆಡ್ಡಿನಾಗ ಇಡ್ತಿದ್ದೆ. ಬಿಸಲಿಗೆ ಪರಾಗದ ಜೀವಾನ ಹೋಗಿತ್ತು."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನಾನೂ ಕೇಳಬೇಕಿತ್ತು. ಮೂವತ್ತು ವರ್ಷ ಕಲಿಸೇನಿ, ಕೇಳಲಿಲ್ಲ."

ಚೀಟಿ ಬಿಚ್ಚಿ ತೆಗೆದೆ. ಆದರೆ ಸೂರ್ಯ ಮೇಲೇರುವ ಮುಂಚೆ ಪರಾಗ ಕೂಡಿಸಬೇಕೆಂದರೆ ಬಾದಾಮಿಯ ಮೊದಲ ಬಸ್ಸೂ ತಡವಾಗುತ್ತಿತ್ತು. "ನಮ್ಮ ಮನ್ಯಾಗ ಇರ್ರಲಾ, ಹೂ ಮುಗಿಯೂ ಮಟಾ" ಎಂದಳು ಆಕೆ. ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಎಲ್ಲರೂ ಸಾಲಿ ಮಾಸ್ತರರು. ಬೇರೆಯವರ ಮನೆಯಲ್ಲಿ ನೀರು ಕುಡಿಯುವುದಕ್ಕೂ ಹಿಂದುಮುಂದು ನೋಡಿದವರು. ವಿಷಯ ಹೇಳಿದಾಗ ಅವ್ವ "ಊಟದ್ದು ಹೆಂಗ?" ಎಂದಷ್ಟೇ ಕೇಳಿದಳು. "ಅವರು ಉಂಡಿದ್ದು ಉಣ್ತೇನಿ" ಎಂದೆ. ಮೊದಲ ರಾತ್ರಿ ನನ್ನ ತಾಟಿಗೆ ಬಂದದ್ದು ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ. ನಾನಿದ್ದ ಹದಿನೈದು ದಿನವೂ ಅವರು ಮನೆಯಲ್ಲಿ ಮಾಂಸ ಬೇಯಿಸಲಿಲ್ಲ ಎಂಬುದು ಹೊರಡುವ ದಿನ ಆಕೆಯ ಚಿಕ್ಕ ಮಗಳ ಬಾಯಿಂದ ತಿಳಿದು ನನಗೆ ನಾಚಿಕೆಯಾಯಿತು.

ಕುರಿ ವಾಸನೆಯ ಅಂಗಳದಿಂದ ಮಬ್ಬುಗತ್ತಲಲ್ಲಿ ಹೊರಟು, ಆಗತಾನೆ ಬಿರಿದ ಕೆಂಪು ಹೂವಿನ ಪರಾಗವನ್ನು ನಾನು ತಣ್ಣನೆಯ ಡಬ್ಬಿಗೆ ಉದುರಿಸುತ್ತಿದ್ದೆ. ಆಕೆ ಅಲ್ಲೇ ಬಿಳಿಗೆ ಹಚ್ಚುತ್ತಿದ್ದಳು. ಸಕ್ಕರೆ ನೀರಿನಲ್ಲಿ ಈ ಸಲ ನಾಳಗಳು ಹೊರಟವು. ಆಕೆಯನ್ನು ಕರೆದು ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ, "ಬಾಲ ಬಂದಾವಲ್ರಿ!" ಎಂದು ನಕ್ಕಳು.

ಹಚ್ಚಿದ್ದೆಲ್ಲ ಫಲಿಸಲಿಲ್ಲ. ಬಹಳಷ್ಟು ಬಿದ್ದುಹೋದವು. ನಾಲ್ಕು ಬುಡಗಳು ಮಾತ್ರ ಹಸಿರಾಗಿ ಉಬ್ಬಿ ನಿಂತವು. ತಿಂಗಳ ಮೇಲೆ ಕಾಯಿ ಒಡೆದಾಗ ಒಳಗೆ ಕಾಗದದಷ್ಟು ತೆಳ್ಳಗಿನ ಕಪ್ಪು ಬೀಜಗಳು, ಒಂದರ ಮೇಲೊಂದು ಒತ್ತಾಗಿ ಜೋಡಿಸಿದಂತೆ. ಅರ್ಧಕ್ಕರ್ಧ ಜೊಳ್ಳು. ಉಳಿದವು ಮೊಳೆತವು.

ಮೂರನೆಯ ಬೇಸಿಗೆಯಲ್ಲಿ ಮೊದಲ ಹೂವು ಅರಳಿತು. ಆಗ ನಾನು ಬಾಗಲಕೋಟೆಯಲ್ಲಿ ಪಾಠ ಹೇಳುತ್ತಿದ್ದೆ. ಫೋನು ಬಂದ ಭಾನುವಾರವೇ ಹೋದೆ. ಕೆಂಪು ಅಂಚು ಇರಲಿಲ್ಲ. ಇಡೀ ಹೂವಿಗೆ, ಬಿಳಿ ಬಟ್ಟೆಗೆ ಬಣ್ಣ ಹತ್ತಿ ತೊಳೆದಂತೆ, ಒಂದು ಮಂಕು ಗುಲಾಬಿ ಛಾಯೆ. ಆದರೆ ಮಟಮಟ ಮಧ್ಯಾಹ್ನದಲ್ಲೂ ದಂಟು ನೆಟ್ಟಗಿತ್ತು, ಎಸಳು ಬಾಡಿರಲಿಲ್ಲ.

ಸರ್ ಅದರ ಸುತ್ತ ಎರಡು ಸಲ ತಿರುಗಿ, "ಇದನ್ನ ಮತ್ತ ಬಿಳಿಗೆ ಕೂಡಿಸಿ ನೋಡೂಣು. ಇನ್ನೊಂದು ಮೂರು ವರ್ಷ" ಎಂದರು. ಅವರಿಗೆ ಆಗಲೇ ಎಪ್ಪತ್ತೈದು ದಾಟಿತ್ತು.

"ಮೂರು ವರ್ಷ ಕಾಯ್ತೀರೇನ್ರಿ ಸರ?" ಆಕೆ ಕೇಳಿದಳು.

"ನೀ ಕೈ ಹಚ್ಚತೀನಂದ್ರ ಕಾಯ್ತೇನಿ."

ಆಕೆ ಕುಂಚ ತರಲು ಶೆಡ್ಡಿನ ಕಡೆ ಹೊರಟಳು. "ಈಗ ಬ್ಯಾಡ, ಬಿಸಲೇರೈತಿ" ಎಂದು ಸರ್ ಹಿಂದಿನಿಂದ ಕೂಗಿದರು. ನಸುಕಿನಲ್ಲಿ ಪರಾಗ ಕೂಡಿಸಬೇಕಿತ್ತು; ಆ ದಿನ ನಾನು ಬಾಗಲಕೋಟೆಗೆ ವಾಪಸು ಹೋಗಲಿಲ್ಲ.